ಬಸ್ಸಿಗಿಂತ ಆರಾಮ ಅಂತ ಮಾರಿದ ಉಡುಪಿ ಟೂರು: ಅರ್ಧ ದುಡ್ಡು ವಾಪಸ್ ಕೊಡಿ

ಗೆ,
ವ್ಯವಸ್ಥಾಪಕರು,
ಟೂರ್ಸ್ ಅಂಡ್ ಟ್ರಾವೆಲ್ಸ್ ಕಚೇರಿ,
ಬಿ.ಎಚ್. ರಸ್ತೆ, ತುಮಕೂರು

ವಿಷಯ: ಉಡುಪಿ–ಮಲ್ಪೆ–ಕಾಪು ಒಂದು ದಿನದ ಟೂರಿನಲ್ಲಿ ಸೇಂಟ್ ಮೇರೀಸ್ ದ್ವೀಪ ತೋರಿಸದೇ ವಾಪಸ್ ಕರೆತಂದದ್ದು, ಮತ್ತು ಬಸ್ಸಿನ ಬಗ್ಗೆ ಸುಳ್ಳು ಹೇಳಿ ಟಿಕೆಟ್ ಮಾರಿದ್ದು.

ಮಾನ್ಯರೇ,

ಶಿವರಾತ್ರಿಗೆ ಮುಂಚಿನ ಭಾನುವಾರ ನಿಮ್ಮ ಟೂರಿನಲ್ಲಿ ಉಡುಪಿಗೆ ಬಂದವರಲ್ಲಿ ನಾವೂ ಇದ್ದೆವು. ನಾನು, ನಮ್ಮ ಯಜಮಾನರು, ಅಮ್ಮ, ಅತ್ತೆ. ತಲೆಗೆ 2,350 ರೂಪಾಯಿ, ಒಟ್ಟು 9,400. ರಸೀದಿ ನನ್ನ ಹತ್ತಿರ ಇದೆ. ಅದರ ಹಿಂದೆ ನಿಮ್ಮವರೇ ಪೆನ್ನಿನಲ್ಲಿ ಬರೆದುಕೊಟ್ಟ 'ಬೋಟ್ ಟಿಕೆಟ್ ಸೇರಿದೆ' ಅನ್ನೋ ಸಾಲೂ ಇದೆ.

ಟಿಕೆಟ್ ತೆಗೆದುಕೊಂಡ ದಿನದಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ನನ್ನ ಸಿಟ್ಟು ಇರುವುದು ಅಲ್ಲೇ. ಅವತ್ತು ನಾವು ಸುಮ್ನೆ ವಿಚಾರಿಸೋಕೆ ಬಂದಿದ್ದೆವು. ನನ್ನ ತಂಗಿ ಮನೆಯವರು ಅದೇ ಭಾನುವಾರ ಬಸ್ಸಿನಲ್ಲಿ ಹೊರಟಿದ್ದರು, ನಮ್ಮನ್ನೂ ಕರೆದಿದ್ದರು. ನಿಮ್ಮ ಕೌಂಟರಿನ ಹುಡುಗ ಹೇಳಿದ್ದು ಇದು: "ಮೇಡಂ, ವಯಸ್ಸಾದವರನ್ನ ಕರ್ಕೊಂಡು ಬಸ್ಸಲ್ಲಿ ಹೋಗಿ ಸುಸ್ತಾಗ್ತೀರ. ಅರ್ಧ ದಿನ ಬಸ್‌ಸ್ಟ್ಯಾಂಡಲ್ಲೇ ಹೋಗುತ್ತೆ. ಉಡುಪಿಯಿಂದ ಮಲ್ಪೆಗೆ ಬಸ್ಸೇ ಸಿಗಲ್ಲ, ಆಟೋದವರು ಬಾಯಿಗೆ ಬಂದಷ್ಟು ಕೇಳ್ತಾರೆ." ನಿಮ್ಮ ಪಾಂಪ್ಲೆಟ್‌ನಲ್ಲೂ ಅದೇ ಅರ್ಥದ ಮಾತು ದೊಡ್ಡ ಅಕ್ಷರದಲ್ಲಿದೆ.

ಇದು ಸುಳ್ಳು. ಉಡುಪಿಯಿಂದ ಮಲ್ಪೆ ಬರೀ ಐದಾರು ಕಿಲೋಮೀಟರು. ಸಿಟಿ ಬಸ್‌ಸ್ಟ್ಯಾಂಡಿನಿಂದ ಒಂದರ ಹಿಂದೆ ಒಂದು ಪ್ರೈವೇಟ್ ಬಸ್ಸು ಓಡುತ್ತಲೇ ಇರುತ್ತವೆ. ಕಂಡಕ್ಟರ್ ಸೀಟಿ ಊದಿ 'ರೈಟ್ ಪೋಯಿ' ಅನ್ನುವಷ್ಟರಲ್ಲಿ ಹಿಂದಿನ ಬಸ್ಸು ಬಂದು ನಿಂತಿರುತ್ತದೆ. ನಿಮ್ಮ ಬಸ್ಸಿನ ಕಿಟಕಿಯಿಂದಲೇ ಅದನ್ನೆಲ್ಲ ನೋಡಿಕೊಂಡು ಕೂತಿದ್ದೆ.

ಬಸ್ಸಿನಲ್ಲಿ ಹೋಗುವುದು ಸುಖ ಅಂತ ನಾನು ಹೇಳುತ್ತಿಲ್ಲ. ತುಮಕೂರಿನಿಂದ ಶಿವಮೊಗ್ಗದವರೆಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆದರೆ ರಾಜಹಂಸ, ಸ್ಲೀಪರ್‌ಗೆ ಅದು ನಡೆಯುವುದಿಲ್ಲ. ಉಡುಪಿ ಕಡೆ ಓಡುವುದು ಪ್ರೈವೇಟ್ ಬಸ್ಸುಗಳೇ ಜಾಸ್ತಿ, ಅಲ್ಲೂ ದುಡ್ಡು ಕೊಡಬೇಕು. ನಡುರಾತ್ರಿಯಲ್ಲಿ ಬಸ್ಸು ಬದಲಾಯಿಸಬೇಕು. ಅಮ್ಮನಿಗೆ ಮಂಡಿ ನೋವು. ಇಷ್ಟೆಲ್ಲ ಲೆಕ್ಕ ಹಾಕಿ, ಮೂರು ಜನ ಹೆಂಗಸರಿಗೆ ಶಿವಮೊಗ್ಗದವರೆಗೆ ಪುಕ್ಕಟೆ ಬಸ್ಸು ಇದ್ದರೂ ನಿಮಗೆ 9,400 ಕೊಟ್ಟೆವು. ಯಾವ ಜಾಗಕ್ಕೆ ಯಾವ ಹೊತ್ತಿನಲ್ಲಿ ಹೋಗಬೇಕು ಅಂತ ಗೊತ್ತಿರುವವರು ಜೊತೆಗಿರುತ್ತಾರೆ ಅನ್ನುವ ಧೈರ್ಯಕ್ಕೆ ಕೊಟ್ಟ ದುಡ್ಡು ಅದು. ನೀವು ಮಾಡದೇ ಇದ್ದದ್ದು ಅದೊಂದೇ ಕೆಲಸ.

ಶನಿವಾರ ರಾತ್ರಿ ಒಂಬತ್ತಕ್ಕೆ ಹೊರಡಬೇಕಿದ್ದ ಬಸ್ಸು ಹತ್ತೂವರೆ ದಾಟಿದ ಮೇಲೆ ಹೊರಟಿತು. ಆಮೇಲೆ ಗುಬ್ಬಿಯಲ್ಲಿ ಪಿಕಪ್, ತಿಪಟೂರಿನಲ್ಲಿ ಪಿಕಪ್, ಅರಸೀಕೆರೆಯಲ್ಲಿ ಯಾರೋ ಇನ್ನೂ ಮನೆಯಿಂದ ಹೊರಟೇ ಇಲ್ಲ ಅಂತ ಕಾದದ್ದು. ಉಡುಪಿ ಮುಟ್ಟುವಷ್ಟರಲ್ಲಿ ಒಂಬತ್ತೂವರೆ. ಇಡೀ ಬಸ್ಸಿಗೆ ಎರಡೇ ರೂಮು. ಹೋಗಲಿ ಬಿಡಿ, ಇದನ್ನೆಲ್ಲ ಸಹಿಸಿಕೊಳ್ಳಬಹುದು.

ಕೃಷ್ಣ ಮಠದಲ್ಲಿ ನಿಮ್ಮ ಗೈಡ್ ಬಾಗಿಲ ಹತ್ತಿರ ಬಿಟ್ಟು, "ದರ್ಶನ ಮುಗಿಸಿ ಹನ್ನೆರಡಕ್ಕೆ ಇಲ್ಲೇ ಬನ್ನಿ" ಅಂತ ಹೇಳಿ ಟೀ ಕುಡಿಯೋಕೆ ಹೋದರು. ಒಂಬತ್ತು ತೂತಿನ ನವಗ್ರಹ ಕಿಂಡಿಯಲ್ಲೇ ಕೃಷ್ಣನನ್ನು ನೋಡಬೇಕು ಅಂತ ಅತ್ತೆಗೆ ಗೊತ್ತಿರಲಿಲ್ಲ, ಹಿಂದಿನವರು ತಳ್ಳಿದಾಗ ನೋಡದೇ ಮುಂದೆ ಬಂದುಬಿಟ್ಟರು. ಕನಕನ ಕಿಂಡಿ ಎಲ್ಲಿ ಅಂತ ನಾವೇ ಕೇಳಿಕೊಂಡು ಹೋದೆವು. ಗೈಡ್ ಅಂತ ಒಬ್ಬರನ್ನು ಕಳಿಸುವುದು ಮತ್ಯಾಕೆ? ಬಸ್ಸಿನಲ್ಲಿ ಮೈಕ್ ಹಿಡಿದು ಅಂತ್ಯಾಕ್ಷರಿ ಆಡಿಸೋಕಾ?

ಇನ್ನು ಊಟದ ಕತೆ. ಮಠದಿಂದ ಮಲ್ಪೆ ಹತ್ತಿರ. ನೇರ ಅಲ್ಲಿಗೆ ಹೋಗಿ ದ್ವೀಪ ನೋಡಿ, ಸಾಯಂಕಾಲ ಕಾಪುವಿಗೆ ಬಂದು, ಹಾಗೇ ಊರಿನ ದಾರಿ ಹಿಡಿಯಬಹುದಿತ್ತು. ಚಿಕ್ಕ ಮಕ್ಕಳಿಗೂ ಹೊಳೆಯುವ ದಾರಿ ಇದು. ನಿಮ್ಮ ಡ್ರೈವರ್ ಮಾತ್ರ ಬಸ್ಸನ್ನು ಹದಿಮೂರು ಕಿಲೋಮೀಟರು ದಕ್ಷಿಣಕ್ಕೆ ಕಾಪು ಕಡೆ ತಿರುಗಿಸಿದರು, ಯಾಕಂದ್ರೆ ಅವರಿಗೆ 'ಗೊತ್ತಿರುವ' ಹೋಟೆಲು ಹೈವೇ ಪಕ್ಕ ಇರುವುದು ಅಲ್ಲಿ. ಪಕ್ಕದಲ್ಲೇ ಗೋಡಂಬಿ, ಹಲ್ವಾ ಅಂಗಡಿ. ಅಲ್ಲಿ ಒಂದು ಗಂಟೆ. ಡ್ರೈವರ್ ಮತ್ತು ಗೈಡ್‌ಗೆ ಬೇರೆ ಟೇಬಲ್ಲು, ಬೇರೆ ಊಟ, ಬಿಲ್ಲಿಲ್ಲ. ನಮಗೂ ಕಣ್ಣಿದೆ ಸ್ವಾಮಿ.

ಊಟ ಆದ ಮೇಲೆ ಕಾಪು ಲೈಟ್‌ಹೌಸು. 1901ರಲ್ಲಿ ಕಟ್ಟಿದ್ದು, ಮೇಲೆ ಹತ್ತಿದರೆ ಎರಡೂ ಕಡೆ ಕಡಲು ಕಾಣುತ್ತದೆ ಅಂತ ನಿಮ್ಮ ಪಾಂಪ್ಲೆಟ್ಟಿನಲ್ಲೇ ಇದೆ. ಜನರನ್ನು ಮೇಲೆ ಹತ್ತಲು ಬಿಡುವುದು ಸಾಯಂಕಾಲ ಮಾತ್ರ. ನಾವು ಹೋದದ್ದು ಸುಡುಬಿಸಿಲಿನ ಎರಡೂವರೆಗೆ. ಬೀಗ ಹಾಕಿದ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡೆವು. ಗೈಡ್ ಹೇಳಿದ್ದು, "ಇವತ್ತು ಯಾಕೋ ಕ್ಲೋಸ್ ಮಾಡಿದಾರೆ ಸಾರ್."

ಅಲ್ಲಿಂದ ತಿರುಗಿ ಉಡುಪಿ ದಾಟಿ ಮಲ್ಪೆಗೆ. ಭಾನುವಾರದ ಜನ, ಬೋಟಿನ ಕ್ಯೂ ಉದ್ದಕ್ಕೆ. ನಮ್ಮ ಗುಂಪಿಗೆ ಟಿಕೆಟ್ ಸಿಗಲಿಲ್ಲ. ಗೈಡ್ ಬೀಚಿನಲ್ಲಿ ನಿಂತು ದೂರಕ್ಕೆ ಬೆರಳು ತೋರಿಸಿ, "ಅದೇ ಐಲ್ಯಾಂಡ್, ಇಲ್ಲಿಂದಲೂ ಕಾಣುತ್ತಲ್ಲ" ಅಂದರು. ದೇವಸ್ಥಾನದ ಗೋಪುರ ನೋಡಿ ಕೈ ಮುಗಿದುಕೊಳ್ಳಿ ಅಂದ ಹಾಗಾಯಿತು. ಮಳೆಗಾಲದಲ್ಲಿ ಬೋಟ್ ಬಿಡುವುದಿಲ್ಲ ಅಂತ ತಿಳಿದೇ ನಾವು ಈ ತಿಂಗಳು ನೋಡಿ ಹೊರಟಿದ್ದು. ಸಮುದ್ರ ಶಾಂತವಾಗಿತ್ತು, ಬೋಟುಗಳು ಬೆಳಿಗ್ಗೆಯಿಂದ ಓಡಿದ್ದವು. ನಾವು ಮಾತ್ರ ಅಷ್ಟು ಹೊತ್ತೂ ಹಲ್ವಾ ಅಂಗಡಿಯಲ್ಲಿದ್ದೆವು.

ಆ ದ್ವೀಪದಲ್ಲಿ ಏನಿದೆ ಅಂತ ನಿಮ್ಮ ಗೈಡ್‌ಗೂ ಗೊತ್ತಿಲ್ಲ ಅಂತ ಕಾಣುತ್ತೆ. "ಅದೇನೋ ಕಲ್ಲು" ಅಂದರು. ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದಲ್ಲಿ ಹರಿದ ಲಾವಾ ತಣ್ಣಗಾಗುತ್ತ ಸೀಳಿ, ಆರು ಮೂಲೆಯ ಕಂಬಗಳಾಗಿ ನಿಂತದ್ದು ಅದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದಿದ್ದ ಅನ್ನೋ ಕತೆ ಬೇರೆ ಇದೆ. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು, ಮಕ್ಕಳಿಗೆ ತೋರಿಸೋಕೆ ಆ ಕಂಬಗಳ ಫೋಟೋ ಬೇಕು ಅಂತಲೇ ಬಂದಿದ್ದರು.

ಈಗ ತಂಗಿ ಮನೆಯವರ ವಿಷಯ. ಅವರು ಶಿವಮೊಗ್ಗದಲ್ಲಿ ಬೆಳಗಿನ ಜಾವ ಚಳಿಯಲ್ಲಿ ಕಾದರು. ಆಗುಂಬೆ ತಿರುವಿನಲ್ಲಿ ಮಗು ವಾಂತಿ ಮಾಡಿತು, ಮಿನಿ ಬಸ್ಸಿನಲ್ಲಿ ಭಾವ ನಿಂತೇ ಬಂದರು. ಸುಲಭ ಏನಿರಲಿಲ್ಲ. ಆದರೆ ಉಡುಪಿಯಲ್ಲಿ ಇಳಿದ ಮೇಲೆ ದಿನ ಅವರದಾಗಿತ್ತು. ಮೊದಲು ಸಿಟಿ ಬಸ್ಸಿನಲ್ಲಿ ಮಲ್ಪೆ, ದ್ವೀಪ, ಆಮೇಲೆ ಮಠ, ಅಲ್ಲೇ ಊಟ, ಸಾಯಂಕಾಲ ಬಸ್ಸು ಹಿಡಿದು ಕಾಪು, ಲೈಟ್‌ಹೌಸ್ ಹತ್ತಿ ಸೂರ್ಯ ಮುಳುಗುವುದನ್ನೂ ನೋಡಿದರು. ರಾತ್ರಿ ಬೆಂಗಳೂರು ಬಸ್ಸಿಗೆ ಹತ್ತಿ ನೆಲಮಂಗಲದಲ್ಲಿ ಇಳಿದು ತುಮಕೂರಿಗೆ ಬಂದರು. ಖರ್ಚು ನಮ್ಮ ಅರ್ಧಕ್ಕಿಂತ ಕಮ್ಮಿ.

ಟೂರಿನಲ್ಲಿ ಕರೆದುಕೊಂಡು ಹೋಗುವುದೇ ತಪ್ಪು ಅಂತಲ್ಲ. ಮಂಡಿ ನೋವಿನವರಿಗೆ, ಒಬ್ಬರೇ ಹೋಗುವ ಹೆಂಗಸರಿಗೆ, ದಾರಿ ಗೊತ್ತಿಲ್ಲದವರಿಗೆ ಅದು ಬೇಕು. ಆದರೆ ಬಸ್ಸನ್ನು ಬೈದು ಟಿಕೆಟ್ ಮಾರುವವರು ಬಸ್ಸಿನಷ್ಟಾದರೂ ಊರು ತೋರಿಸಬೇಕು ಅಲ್ವಾ?

ನನಗೆ ಬೇಕಾದದ್ದು ಇಷ್ಟು. ಒಟ್ಟು ದುಡ್ಡಿನಲ್ಲಿ ಅರ್ಧ, ಅಂದರೆ 4,700 ರೂಪಾಯಿ ವಾಪಸ್ ಕೊಡಿ. ದ್ವೀಪಕ್ಕೆ ಅಂತಲೇ ಹೊರಟಿದ್ದೆವು, ಬೋಟ್ ಟಿಕೆಟ್ಟಿನ ಚಿಲ್ಲರೆ ಕೊಟ್ಟು ಕೈ ತೊಳೆದುಕೊಂಡರೆ ಆಗುವುದಿಲ್ಲ. ಮಲ್ಪೆಗೆ ಬಸ್ಸಿಲ್ಲ ಅನ್ನೋ ಮಾತನ್ನು ಪಾಂಪ್ಲೆಟ್ಟಿನಿಂದ ತೆಗೆಯಿರಿ. ಯಾವ ಜಾಗಕ್ಕೆ ಎಷ್ಟು ಗಂಟೆಗೆ ಅಂತ ಟಿಕೆಟ್ ಮೇಲೆ ಅಚ್ಚು ಮಾಡಿಸಿ, ಊಟದ ಜಾಗ ಮತ್ತು ಅಂಗಡಿಯನ್ನೂ ಸೇರಿಸಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ತುಮಕೂರಿನ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನಮ್ಮ ಊರಿನಲ್ಲೇ ಕೇಸು ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ. ರಸೀದಿ, ಪಾಂಪ್ಲೆಟ್ಟು, ಬೀಗ ಹಾಕಿದ ಗೇಟಿನ ಫೋಟೋ ಮೂರರ ಜೆರಾಕ್ಸೂ ಇದರ ಜೊತೆ ಇಟ್ಟಿದ್ದೇನೆ. ಉತ್ತರ ಬರಹದಲ್ಲಿ ಕಳಿಸಿ. ಫೋನಿನಲ್ಲಿ 'ನೋಡೋಣ ಮೇಡಂ' ಅನ್ನೋದು ಬೇಡ.

ಇಂತಿ,
ಶೆಟ್ಟಿಹಳ್ಳಿಯ ನಿಮ್ಮ ಗ್ರಾಹಕಿ