ಹಳೇ ನೊಣದ ತಳಿಗಳನ್ನ ದಯವಿಟ್ಟು ಎಸೀಬೇಡಿ

ಸಂಪಾದಕರೇ,

ನಾನು ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡಿ ರಿಟೈರ್ ಆದೋನು. ಮೊನ್ನೆ ಇಲ್ಲೇ ಮೈಸೂರಿನ ಒಂದು ಕಾಲೇಜಿಗೆ ಹೋಗಿದ್ದೆ, ಅಲ್ಲಿ ವರ್ಷಾನುಗಟ್ಲೆ ಸಾಕ್ಕೊಂಡು ಬಂದಿದ್ದ ಹಣ್ಣಿನ ನೊಣದ ತಳಿಗಳನ್ನ, ರಜೆಲಿ ರವೆ ಬೆಲ್ಲದ ಊಟ ಬದಲಾಯ್ಸೋಕೆ ಯಾರೂ ಇಲ್ಲ ಅಂತ ಚೆಲ್ಲಿ ಬಾಟಲಿ ತೊಳೆದು ಕವುಚಿ ಇಟ್ಟಿದ್ರು. ಹೊಟ್ಟೆ ಉರೀತು. ನೊಣ ತಾನೇ ಸಾರ್, ಬಾಳೆಹಣ್ಣು ಇಟ್ರೆ ನಾಳೆನೇ ಬರ್ತವೆ ಅಂದ್ರು.

ಬರ್ತವೆ, ಆದ್ರೆ ಆ ಹಳೇ ನೊಣ ಬರಲ್ಲ, ಯಾಕೆ ಅಂತ ಹೇಳ್ತೀನಿ. ಡಿಎನ್ಎಯಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹಾರೋ ತುಂಡುಗಳಿರ್ತವೆ, ಜಂಪಿಂಗ್ ಜೀನ್ ಅಂತೀವಲ್ಲ ಅದು. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರೋದಷ್ಟೇ ಅಲ್ಲ, ಅಪರೂಪಕ್ಕೆ ಒಂದು ಜಾತಿ ಕೀಟದಿಂದ ಸಂಬಂಧವೇ ಇಲ್ಲದ ಇನ್ನೊಂದು ಜಾತಿಗೂ ದಾಟ್ತವೆ. ಪಿ ಎಲಿಮೆಂಟ್ ಅನ್ನೋ ಇಂಥ ಒಂದು ತುಂಡು ದಕ್ಷಿಣ ಅಮೆರಿಕಾ ಕಡೆಯ ವಿಲಿಸ್ಟೋನಿ ಅನ್ನೋ ನೊಣದಲ್ಲಿತ್ತು, ಅಲ್ಲಿಂದ ನಮ್ಮ ದೇವರಾಜ ಮಾರ್ಕೆಟ್ಟಿನ ಹಣ್ಣಿನ ಮೇಲೂ ಕೂರೋ ಮೆಲನೋಗ್ಯಾಸ್ಟರ್‌ಗೆ ಬಂತು. ಈ ಎರಡು ನೊಣಗಳು ಕವಲೊಡೆದು ಕೋಟ್ಯಂತರ ವರ್ಷ ಆಗಿದೆ, ಆದ್ರೂ ಸುಮಾರು 2900 ಡಿಎನ್ಎ ಅಕ್ಷರದ ಆ ತುಂಡಲ್ಲಿ ವ್ಯತ್ಯಾಸ ಇದ್ದಿದ್ದು ಬರೀ ಒಂದೇ ಅಕ್ಷರ! ಹೊತ್ಕೊಂಡು ಬಂದಿದ್ದು ನೊಣದ ಮೊಟ್ಟೆ ಚುಚ್ಚಿ ಹೀರೋ ಒಂದು ಸಣ್ಣ ನುಸಿ ಇರಬೇಕು ಅಂತ 1991ರಲ್ಲಿ ಸಂಶೋಧಕರು ಬರೆದ್ರು, ನನಗಂತೂ ಅದು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಇದೆಲ್ಲ ಗೊತ್ತಾಗಿದ್ದು ಹೇಗೆ ಅನ್ನೋದೇ ನಾನು ಹೇಳಬೇಕಾದ ಮಾತು. ಬಹಳ ಹಿಂದೆ ಹಿಡಿದು ಲ್ಯಾಬಲ್ಲಿ ಸಾಕಿದ್ದ ತಳಿಗಳಲ್ಲಿ ಈ ತುಂಡು ಇರಲಿಲ್ಲ, ಹೊರಗಡೆ ಹೊಸದಾಗಿ ಹಿಡಿದವುಗಳಲ್ಲಿ ಇತ್ತು. ಹೊರಗಿನ ಗಂಡು, ಲ್ಯಾಬಿನ ಹಳೇ ತಳಿ ಹೆಣ್ಣು ಕೂಡಿಸಿದ್ರೆ ಹುಟ್ಟೋ ಎಷ್ಟೋ ಮರಿಗಳು ಬಂಜೆ ಆಗ್ತಿದ್ವು, ಹಾಗೇ ಅನುಮಾನ ಶುರುವಾಗಿದ್ದು. ಆ ಹಳೇ ಬಾಟಲಿಗಳನ್ನ ಯಾರೋ ತೊಳೆದಿದ್ರೆ ಈ ತುಂಡು 20ನೇ ಶತಮಾನದಲ್ಲಿ ಬಂದಿದ್ದು ಅಂತ ಹೇಳೋಕೆ ಸಾಕ್ಷಿನೇ ಇರ್ತಿರಲಿಲ್ಲ. ಆ ತುಂಡು ಈಚೆಗೆ ಸಿಮ್ಯುಲನ್ಸ್ ಅನ್ನೋ ಮೂರನೇ ಜಾತಿ ನೊಣಕ್ಕೂ ದಾಟಿ ಹರಡಿದೆ.

ನಮ್ಮೂರಲ್ಲೇ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ, ಅಂದ್ರೆ ಈ ಹಣ್ಣಿನ ನೊಣದ ತಳಿಗಳನ್ನ ಕಾಪಾಡೋ ಸ್ಟಾಕ್ ಸೆಂಟರ್ ಇದೆ. ಸಾಕೋಕೆ ಆಗದ ಕಾಲೇಜಿನೋರು ಚೆಲ್ಲೋ ಮುಂಚೆ ಅಲ್ಲಿ ಒಂದು ಮಾತು ಕೇಳ್ರಪ್ಪ, ಹಿಡಿದ ಊರು, ಇಸವಿ ಬರೆದ ಚೀಟಿನೂ ಕಳೀದೆ ಜೊತೆಗೆ ಕೊಡಿ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು
ಕುವೆಂಪುನಗರ, ಮೈಸೂರು