ಪ್ರಯೋಗಾಲಯದಲ್ಲಿ ‘ತಪ್ಪು’ ಉತ್ತರಕ್ಕೂ ಅಂಕ ಇರಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಪ್ರಾಯೋಗಿಕ ಪರೀಕ್ಷೆಗಳು ಹತ್ತಿರವಾದಾಗಲೆಲ್ಲ ಕೇಳಿಬರುವ ದೂರು ಒಂದೇ: ಕಾಲೇಜುಗಳಲ್ಲಿ ಪ್ರಯೋಗಾಲಯವಿಲ್ಲ, ಇದ್ದರೆ ಉಪಕರಣಗಳಿಲ್ಲ, ಉಪಕರಣಗಳಿದ್ದರೆ ಅವು ಕೆಟ್ಟು ಕೂತಿವೆ. ದೂರು ಸುಳ್ಳೇನಲ್ಲ. ಆದರೆ ಭೌತಶಾಸ್ತ್ರದ ಉಪನ್ಯಾಸಕನಾಗಿ ಸರ್ಕಾರಿ ಕಾಲೇಜುಗಳಲ್ಲಿಯೂ, ಪರೀಕ್ಷಕನಾಗಿ ಸುಸಜ್ಜಿತ ಖಾಸಗಿ ಕಾಲೇಜುಗಳಲ್ಲಿಯೂ ಕೆಲಸ ಮಾಡಿದ ನನಗೆ ಇನ್ನೂ ದೊಡ್ಡದಾಗಿ ಕಂಡದ್ದು ಬೇರೊಂದು ಕೊರತೆ. ಸಲಕರಣೆಗಳೆಲ್ಲ ಒಪ್ಪವಾಗಿ ಜೋಡಿಸಿಟ್ಟಿರುವ ಲ್ಯಾಬ್‌ನಲ್ಲಿಯೂ ಬಹುಪಾಲು ಸಲ ನಡೆಯುವುದು ಪ್ರಯೋಗವಲ್ಲ, ಪ್ರಯೋಗದ ಅಭಿನಯ. ಬರಬೇಕಾದ ಉತ್ತರ ವಿದ್ಯಾರ್ಥಿಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಹೊಂದುವಂತೆ ಅಳತೆಗಳನ್ನು ಹಿಂದಿನಿಂದ ಲೆಕ್ಕ ಹಾಕಿ ಕೋಷ್ಟಕ ತುಂಬಲಾಗುತ್ತದೆ.

ಸರಳ ಲೋಲಕದ ಪ್ರಯೋಗವನ್ನೇ ನೋಡೋಣ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಾಡಿಸಿ, 20 ಆಂದೋಲನಗಳಿಗೆ ತಗಲುವ ಸಮಯ ಅಳೆದು, ಗುರುತ್ವ ವೇಗೋತ್ಕರ್ಷವನ್ನು (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಹೆಚ್ಚುವ ಪ್ರಮಾಣ; ಪಠ್ಯಪುಸ್ತಕದ ಬೆಲೆ 9.8) ಕಂಡುಹಿಡಿಯುವ ಪ್ರಯೋಗವದು. ಲೋಲಕದ ಉದ್ದ 100 ಸೆಂಟಿಮೀಟರ್ ಇದ್ದರೆ ನಮ್ಮ ಬೆಂಗಳೂರು, ತುಮಕೂರಿನ ಕಡೆ 20 ಆಂದೋಲನಗಳಿಗೆ 40.2 ಸೆಕೆಂಡುಗಳಷ್ಟು ಹಿಡಿಯಬೇಕು. ವಿದ್ಯಾರ್ಥಿ ಗುಂಡನ್ನು ಬಿಟ್ಟ ಕ್ಷಣವನ್ನು ಸೊನ್ನೆ ಎನ್ನದೆ ‘ಒಂದು’ ಎಂದು ಎಣಿಸಲು ಶುರುಮಾಡಿದರೆ, ಅವನು 20 ಎಂದುಕೊಂಡದ್ದು ನಿಜವಾಗಿ 19 ಆಗಿರುತ್ತದೆ, ಉತ್ತರ 10.8ರ ಆಸುಪಾಸಿಗೆ ಹಾರುತ್ತದೆ. ಉದ್ದವನ್ನು ಗುಂಡಿನ ನಡುಮಧ್ಯದವರೆಗೆ ಅಳೆಯಬೇಕಾದಲ್ಲಿ ಅದರ ತಳದವರೆಗೆ ಅಳೆದು, ಗುಂಡಿನ ವ್ಯಾಸ ಎರಡು ಸೆಂಟಿಮೀಟರ್ ಇದ್ದರೆ, ಉತ್ತರ 9.88ಕ್ಕೆ ಏರುತ್ತದೆ, ಕೊಕ್ಕೆಯವರೆಗಿನ ದಾರವನ್ನಷ್ಟೇ ಅಳೆದರೆ 9.68ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಪ್ರತಿಯೊಂದು ‘ತಪ್ಪು’ ಉತ್ತರದ ಹಿಂದೆಯೂ ಪತ್ತೆ ಹಚ್ಚಬಹುದಾದ ಒಂದು ಕಾರಣವಿದೆ. ಆ ಕಾರಣವನ್ನು ಹುಡುಕಿಕೊಂಡ ವಿದ್ಯಾರ್ಥಿನಿಗೆ ಅಳತೆ ಎಂದರೇನು ಎಂಬುದು ಯಾವ ಪಾಠದಿಂದಲೂ ಆಗದಷ್ಟು ಚೆನ್ನಾಗಿ ಮನದಟ್ಟಾಗುತ್ತದೆ. ಆದರೆ ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ 10.8 ಎಲ್ಲಿಯೂ ಕಾಣುವುದಿಲ್ಲ. ಎಲ್ಲರದ್ದೂ 9.8. ಇಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 9.78ಕ್ಕೆ ಹತ್ತಿರವಿರುವುದರಿಂದ, ಎಚ್ಚರಿಕೆಯಿಂದ ಅಳೆದ ಹುಡುಗಿಗೂ ತನ್ನ ಉತ್ತರವನ್ನು ಪಠ್ಯಪುಸ್ತಕದ ಕಡೆಗೆ ಚೂರು ತಳ್ಳುವ ಆಸೆ ಆಗದೆ ಇರುವುದಿಲ್ಲ.

ರಸಾಯನಶಾಸ್ತ್ರದ ಮೇಜುಗಳ ಕಥೆಯೂ ಇದೇ. ಪೊಟ್ಯಾಸಿಯಂ ಪರ್ಮಾಂಗನೇಟಿನ ಅನುಮಾಪನದಲ್ಲಿ (ಬಣ್ಣ ಬದಲಾಗುವವರೆಗೆ ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಬೆರೆಸಿ ಅಳೆಯುವ ಕ್ರಮ) ಒಂದು ಹನಿ ಹೆಚ್ಚಾದರೂ ತಿಳಿಗುಲಾಬಿ ಬಣ್ಣ ಗಾಢವಾಗುತ್ತದೆ, ಪರ್ಮಾಂಗನೇಟ್ ದ್ರಾವಣ ಕಡುನೇರಳೆಯಾಗಿರುವುದರಿಂದ ಅಳತೆಯ ಗಾಜಿನ ನಳಿಕೆಯಾದ ಬ್ಯೂರೆಟ್‌ನಲ್ಲಿ ಅದರ ಮೇಲಂಚನ್ನೇ ಓದಬೇಕಾಗುತ್ತದೆ. ಇವು ಕೈಗೆ ಮತ್ತು ಕಣ್ಣಿಗೆ ಬರಬೇಕಾದ ವಿದ್ಯೆಗಳು. ಕೋಷ್ಟಕದಲ್ಲಿ ಕಾಣುವುದು ಮಾತ್ರ ಮೂರು ಸಾಲುಗಳಲ್ಲಿ 10.2, 10.2, 10.2. ಇನ್ನು ಲವಣ ವಿಶ್ಲೇಷಣೆಯಲ್ಲಿ ಕೊಟ್ಟ ಉಪ್ಪು ಯಾವುದೆಂದು ಪರೀಕ್ಷೆಯ ದಿನ ಕಿವಿಯಲ್ಲಿ ಉಸುರುವ ಪದ್ಧತಿಯ ಬಗ್ಗೆ ನಾನು ಹೆಚ್ಚು ಬರೆಯುವ ಅಗತ್ಯವಿಲ್ಲ. ಓದುಗರಲ್ಲಿ ಅನೇಕರು ಅದರ ಫಲಾನುಭವಿಗಳು.

ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳಲ್ಲಿ ಪ್ರಾಯೋಗಿಕ ಪರೀಕ್ಷೆಗೆ ತಲಾ 30 ಅಂಕಗಳಿವೆ. ಸ್ವಂತ ಅಳತೆಯಿಂದ 10.8 ಪಡೆದು ಅದನ್ನು ಹಾಗೆಯೇ ಬರೆದ ವಿದ್ಯಾರ್ಥಿ ಅಂಕ ಕಳೆದುಕೊಂಡು, 9.8 ಎಂದು ಹೊಂದಿಸಿ ಬರೆದವನು ಪೂರ್ತಿ ಅಂಕ ಪಡೆಯುವುದಾದರೆ, ಆ 30 ಅಂಕಗಳಿಂದ ನಾವು ಮಕ್ಕಳಿಗೆ ಕಲಿಸುತ್ತಿರುವುದು ವಿಜ್ಞಾನಕ್ಕೆ ತೀರ ವಿರುದ್ಧವಾದ ಗುಣವನ್ನು. ಸಿಇಟಿ, ನೀಟ್, ಜೆಇಇಗಳ ಒತ್ತಡವೂ ಇದಕ್ಕೆ ಸೇರಿಕೊಂಡಿದೆ. ಕೋಚಿಂಗ್ ಸಮೇತ ಪಿಯುಸಿ ನಡೆಸುವ ಎಷ್ಟೋ ಕಡೆ ಎರಡು ವರ್ಷಗಳ ಪ್ರಯೋಗಗಳನ್ನು ಪರೀಕ್ಷೆಗೆ ಮುಂಚಿನ ಕೆಲವೇ ವಾರಗಳಲ್ಲಿ ಮುಗಿಸಲಾಗುತ್ತದೆ. ವಿಚಿತ್ರವೆಂದರೆ ನೀಟ್ ಮತ್ತು ಜೆಇಇ ಮೇನ್ ಪಠ್ಯಕ್ರಮಗಳಲ್ಲಿ ಈಗ ಪ್ರಾಯೋಗಿಕ ಕೌಶಲಗಳದ್ದೇ ಒಂದು ಘಟಕವಿದೆ. ಸಣ್ಣ ಉದ್ದಗಳನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯ ದೋಷವನ್ನು (ಏನೂ ಹಿಡಿಯದಿದ್ದಾಗಲೂ ಅದು ತೋರಿಸುವ ಅಳತೆಯನ್ನು) ಕಳೆಯಬೇಕೋ ಕೂಡಬೇಕೋ ಎಂಬ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಸರಿಯುತ್ತರ ಗುರುತಿಸುವ ವಿದ್ಯಾರ್ಥಿಯ ಕೈಗೆ ಕ್ಯಾಲಿಪರ್ಸ್ ಕೊಟ್ಟು ನೋಡಿ, ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಅವನು ತಡಕಾಡುತ್ತಾನೆ.

ಪ್ರೌಢಶಾಲೆಗಳಲ್ಲಿ ಈ ಕೃತಕತೆಗೂ ಆಸ್ಪದವಿಲ್ಲ. ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆ 80 ಅಂಕಗಳ ಲಿಖಿತ ಪರೀಕ್ಷೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಇದ್ದು, ಪ್ರತ್ಯೇಕವಾದ ಪ್ರಾಯೋಗಿಕ ಪರೀಕ್ಷೆ ಇಲ್ಲ. ಪಠ್ಯಪುಸ್ತಕದ ತುಂಬ ‘ಚಟುವಟಿಕೆ’ಗಳಿದ್ದರೂ ಅವುಗಳನ್ನು ಗಟ್ಟಿಯಾಗಿ ಓದಿಸುವುದೇ ಮಾಡಿದಂತೆ ಎಂಬ ಭಾವನೆ ಬೇರೂರಿದೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಅದರ ಮೇಲೆ ಕಂದು ಲೇಪ ಕೂರುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಇದಕ್ಕೆ ಬೇಕಾಗುವುದು ಒಂದು ಪ್ರನಾಳ, ಉಪ್ಪುಕಾಗದದಿಂದ ಉಜ್ಜಿದ ಎರಡು ಮೊಳೆ ಮತ್ತು ಅರ್ಧ ಗಂಟೆಯ ತಾಳ್ಮೆ. ನೀಲಿ ಬಣ್ಣ ಎಲ್ಲಿಗೆ ಹೋಯಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಬಂದ ಮೇಲೆ ಕಪ್ಪು ಹಲಗೆಯ ಮೇಲೆ ಬರೆಯುವ ಸಮೀಕರಣಕ್ಕೂ, ಪ್ರಶ್ನೆ ಬಾರದೆ ಬರೆಸುವ ಸಮೀಕರಣಕ್ಕೂ ಅಜಗಜಾಂತರ.

ಒಂದು ತರಗತಿಯಲ್ಲಿ 60 ಮಕ್ಕಳಿರುವಾಗ ಇದೆಲ್ಲ ಆಗುವ ಮಾತೇ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇದಕ್ಕೆ ಒಳ್ಳೆಯ ಉತ್ತರ. ಹಳ್ಳಿಯ ಸರ್ಕಾರಿ ಶಾಲೆಗಳ ಮಕ್ಕಳು ಗುಂಪುಗುಂಪಾಗಿ ಕುಳಿತು, ಅಗ್ಗದ ಕಿಟ್‌ಗಳಿಂದ ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ಚರ್ಚಿಸಿ ನಿರ್ಣಯಕ್ಕೆ ಬರುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಪರೀಕ್ಷೆಯನ್ನೂ ಬದಲಿಸಿದ್ದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಲಿಖಿತ ಪರೀಕ್ಷೆ, ಜೊತೆಗೆ ಪ್ರಾಯೋಗಿಕ ಪರೀಕ್ಷೆ. ಅನೇಕ ಜಿಲ್ಲೆಗಳಿಗೆ ಹರಡಿದ ಆ ಕಾರ್ಯಕ್ರಮವನ್ನು ಅಲ್ಲಿನ ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು ಎಂಬುದು ನಿಜ. ಆದರೂ ಬಡ ಶಾಲೆಗಳಲ್ಲಿ ಮೂರು ದಶಕ ನಡೆದ ಕೆಲಸವನ್ನು ಅಸಾಧ್ಯವೆಂದು ಕರೆಯಲಾಗದು.

ಕಂಪ್ಯೂಟರ್ ಪರದೆಯ ಮೇಲಿನ ವರ್ಚುವಲ್ ಲ್ಯಾಬ್‌ಗಳು ಈ ಕೊರತೆಯನ್ನು ತುಂಬುತ್ತವೆ ಎಂಬ ವಾದವನ್ನೂ ಇತ್ತೀಚೆಗೆ ಕೇಳುತ್ತಿದ್ದೇವೆ. ವಿಷಕಾರಿ ಅನಿಲಗಳ ತಯಾರಿಕೆಯಂತಹ ಅಪಾಯದ ಪ್ರಯೋಗಗಳಿಗೂ, ದುಬಾರಿ ಉಪಕರಣಗಳ ಪರಿಚಯಕ್ಕೂ ಅವು ಉಪಯುಕ್ತ. ಆದರೆ ಪರದೆಯ ಲೋಲಕಕ್ಕೆ ಗಾಳಿ ತಾಗುವುದಿಲ್ಲ, ಅದರ ದಾರ ಜಾರುವುದಿಲ್ಲ. ಸೂತ್ರ ಹೇಳಿದಂತೆಯೇ ಅದು ತೂಗುತ್ತದೆ, ಏಕೆಂದರೆ ಅದನ್ನು ತೂಗಿಸುತ್ತಿರುವುದೇ ಆ ಸೂತ್ರ. ಸೂತ್ರ ನಿಜವೇ ಎಂದು ಪರೀಕ್ಷಿಸಲು ಹೊರಟವರಿಗೆ ಅದರಿಂದ ಏನು ಸಿಕ್ಕೀತು?

ಈ ಹಿನ್ನೆಲೆಯಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮುಂದೆ ಕೆಲವು ಕೋರಿಕೆಗಳಿವೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಳತೆಗಳನ್ನು ತೆಗೆದುಕೊಂಡ ಕೂಡಲೇ ಶಾಯಿಯಲ್ಲಿ ಬರೆಸಿ, ಲೆಕ್ಕ ಆರಂಭವಾಗುವ ಮುನ್ನವೇ ಪರೀಕ್ಷಕರು ಸಹಿ ಹಾಕಬೇಕು. ಅಂತಿಮ ಉತ್ತರ ಪಠ್ಯಪುಸ್ತಕದ ಬೆಲೆಗೆ ಎಷ್ಟು ಹತ್ತಿರವಿದೆ ಎಂಬುದಕ್ಕೆ ಅಂಕ ಕೊಡುವುದನ್ನು ಬಿಟ್ಟು, ವ್ಯತ್ಯಾಸ ಏಕೆ ಬಂದಿರಬಹುದು ಎಂದು ವಿದ್ಯಾರ್ಥಿ ಕೊಡುವ ವಿವರಣೆಗೆ ಅಂಕ ಮೀಸಲಿಡಬೇಕು. ಉತ್ತರ ಯಾರಿಗೂ ಮೊದಲೇ ಗೊತ್ತಿರದ ಪ್ರಯೋಗವೊಂದಾದರೂ ಇರಲಿ: ಉದಾಹರಣೆಗೆ, ಆಯಾ ಊರಿನ ಕೊಳವೆಬಾವಿಯ ನೀರಿನ ಗಡಸುತನವನ್ನು ಅನುಮಾಪನದಿಂದ ಅಳೆಯುವುದು. ನಮ್ಮ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಇದಕ್ಕೆ ಮಾದರಿಗಳಿಗೇನೂ ಬರವಿಲ್ಲ. ಪ್ರೌಢಶಾಲೆಯ ಆಂತರಿಕ 20 ಅಂಕಗಳಲ್ಲಿ ಒಂದು ಪಾಲನ್ನು ಮಕ್ಕಳು ಸ್ವತಃ ಮಾಡಿದ ಪ್ರಯೋಗಗಳಿಗೆ ಕಡ್ಡಾಯಗೊಳಿಸಬಹುದು. ಸರ್ಕಾರದಿಂದ ಆಗಬೇಕಾದದ್ದೂ ಒಂದಿದೆ: ಪ್ರಯೋಗಾಲಯ ಸಹಾಯಕರೇ ಇಲ್ಲದ ಕಡೆ ಉಪನ್ಯಾಸಕರೇ ಆಮ್ಲ ಬೆರೆಸಿ, ಪ್ರನಾಳ ತೊಳೆದು, ಪಾಠವನ್ನೂ ಮಾಡಬೇಕಾಗಿರುವುದರಿಂದ, ಆ ಹುದ್ದೆಗಳನ್ನು ತುಂಬುವ ಕೆಲಸವನ್ನು ಇನ್ನೂ ಮುಂದಕ್ಕೆ ಹಾಕಬಾರದು.

ಇವುಗಳಲ್ಲಿ ಅಂಕ ಹಂಚಿಕೆಯ ಬದಲಾವಣೆಗೆ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಜೂನ್‌ನಲ್ಲಿ ಹೊಸ ರೆಕಾರ್ಡ್ ಪುಸ್ತಕಗಳು ಮಕ್ಕಳ ಕೈಸೇರುವ ಮೊದಲೇ ಅದು ಹೊರಬಿದ್ದರೆ, ಬರುವ ಶೈಕ್ಷಣಿಕ ವರ್ಷದಿಂದಲೇ ಜಾರಿಗೆ ತರಬಹುದು.

ಇಂತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ತುಮಕೂರು