ಸರ್ವಿಸ್ ರಸ್ತೆಗಿಂತ ಬನ್ನೂರು ದಾರಿ ಲೇಸು

ಮಾನ್ಯ ಸಂಪಾದಕರೇ,

ಬೆಂಗಳೂರು–ಮೈಸೂರು ಹೆದ್ದಾರಿಯ ಆರು ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್ ಸಂಚಾರವನ್ನೂ 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದೆ. ಕಾರುಗಳು ನೂರರ ವೇಗದಲ್ಲಿ ಧಾವಿಸುವ ದಾರಿಯಲ್ಲಿ ಗಂಟೆಗೆ ಇಪ್ಪತ್ತು ಕಿ.ಮೀ. ಸಾಗುವ ಸೈಕಲ್ಲಿಗೆ ಜಾಗವಿಲ್ಲ ಎಂಬುದನ್ನು ಹಳೆಯ ಸೈಕಲ್ ಸವಾರನಾದ ನಾನೂ ಒಪ್ಪುತ್ತೇನೆ. ಆದರೆ ಮುಖ್ಯ ರಸ್ತೆ ಇಲ್ಲದಿದ್ದರೇನು, ಪಕ್ಕದ ಸರ್ವಿಸ್ ರಸ್ತೆ ಇದೆಯಲ್ಲ ಎಂದುಕೊಂಡು ಪ್ರವಾಸ ಹೊರಡುವ ಯುವಕರ ಲೆಕ್ಕಾಚಾರ ಸರಿಯಿಲ್ಲ. ಹೆದ್ದಾರಿಯು ಒಲ್ಲೆನೆಂದ ವಾಹನಗಳೆಲ್ಲ ಬಂದು ಸೇರುವುದು ಅಲ್ಲಿಗೇ. ಕಬ್ಬು ಹೇರಿದ ಟ್ರ್ಯಾಕ್ಟರ್, ಜನ ತುಂಬಿಕೊಂಡ ಆಟೊ, ಸುತ್ತು ತಪ್ಪಿಸಲೆಂದು ಎದುರಿನಿಂದ ನುಗ್ಗುವ ಬೈಕು, ಇವುಗಳ ನಡುವೆ ಸೈಕಲ್ ಸವಾರ ಅಂಚಿನ ಮಣ್ಣಿಗೆ ಇಳಿಯಬೇಕಾಗುತ್ತದೆ. ಹೆದ್ದಾರಿಯ ಸದ್ದು, ಹೊಗೆ ಎರಡೂ ಇದ್ದು, ಅದರ ಸರಾಗ ಮಾತ್ರ ದಕ್ಕದ ದಾರಿ ಅದು.

ಸ್ವಲ್ಪ ಸುತ್ತಾದರೂ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿಯ ಮೂಲಕ ಬನ್ನೂರಿಗೆ ಬಂದು ಮೈಸೂರು ಸೇರುವುದು ಮೇಲು. ಮಳವಳ್ಳಿಯವರೆಗಿನದೂ ರಾಷ್ಟ್ರೀಯ ಹೆದ್ದಾರಿಯೇ ಆದ್ದರಿಂದ ನಸುಕಿನಲ್ಲೇ ಹೊರಟು ನಗರದ ದಟ್ಟಣೆಯನ್ನು ದಾಟಿಬಿಡಬೇಕು. ಸಾತನೂರಿನ ಆಸುಪಾಸಿನ ಏರಿಳಿತ ಕಾಲಿಗೆ ಕೆಲಸ ಕೊಡುತ್ತದೆ. ಮಳವಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಕಿರುಗಾವಲಿನ ಕಡೆ ತಿರುಗಿದ ಮೇಲೆ ಗದ್ದೆ, ತೆಂಗಿನ ತೋಟ, ಚಹಾದಂಗಡಿಗಳ ದಾರಿ. ಪಂಕ್ಚರ್ ಆದರೆ ಮುಂದಿನ ಊರು ದೂರವಿರುವುದಿಲ್ಲ. ಬನ್ನೂರಿನ ಆಚೆ ಕಾವೇರಿ ಸೇತುವೆಯ ಮೇಲೆ ನಿಲ್ಲದೆ ಮುಂದೆ ಹೋದವರನ್ನು ನಾನು ಕಂಡಿಲ್ಲ.

ಹಾಗೆಂದು ಒಳರಸ್ತೆಗಳೆಲ್ಲ ನಿರಪಾಯವಲ್ಲ. ಸುಗ್ಗಿಯ ದಿನಗಳಲ್ಲಿ ರಸ್ತೆಯೇ ಒಕ್ಕಣೆಯ ಕಣವಾಗುತ್ತದೆ. ರಾಗಿ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಒಮ್ಮೆ ಹಾಗೆ ಬಿದ್ದ ನನ್ನನ್ನು ಎಬ್ಬಿಸಿ, ಗೊಣಗದೆ ಬಳ್ಳಿ ಬಿಡಿಸಿಕೊಟ್ಟವರು ಹುರುಳಿ ಒಕ್ಕುತ್ತಿದ್ದವರೇ. ಇನ್ನು ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯ ಏರಿ ರಸ್ತೆಗಳು ನೆರಳು, ನೀರು, ನಿಶ್ಶಬ್ದದಿಂದ ಸೈಕಲ್ ಸವಾರರನ್ನು ಕೈಬೀಸಿ ಕರೆಯುತ್ತವೆ. ಆದರೆ 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಮಂದಿ ಸತ್ತದ್ದನ್ನು ಮರೆಯುವಂತಿಲ್ಲ. ತಡೆಗೋಡೆಯಿಲ್ಲದ ಏರಿಯ ಮೇಲೆ ಎದುರಿಗೆ ಲಾರಿ ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುವುದೇ ಉಪಾಯ, ಕತ್ತಲಾದ ಮೇಲಂತೂ ಆ ಕಡೆ ಸುಳಿಯಲೇಬಾರದು.

ಸೈಕಲ್ಲುಗಳನ್ನು ಹೆದ್ದಾರಿಯಿಂದ ಇಳಿಸಿದ ಮೇಲೆ, ಅವು ಎಲ್ಲಿ ಹೋಗಬೇಕೆಂದು ತೋರಿಸುವ ಹೊಣೆಯೂ ಆಡಳಿತದ್ದೇ. ದೊಡ್ಡ ಖರ್ಚೇನೂ ಬೇಕಿಲ್ಲ. ಮಳವಳ್ಳಿ, ಬನ್ನೂರುಗಳ ವೃತ್ತಗಳಲ್ಲಿ ಸೈಕಲ್ ಚಿತ್ರವಿರುವ ದಾರಿಫಲಕ ನಿಲ್ಲಿಸಲಿ, ಹಳ್ಳಿಗಳ ಬಾಗಿಲಲ್ಲಿರುವ ರಸ್ತೆ ಉಬ್ಬುಗಳಿಗೆ ವರ್ಷಕ್ಕೊಮ್ಮೆಯಾದರೂ ಬಿಳಿ ಬಣ್ಣ ಬಳಿಸಲಿ.

ಇಂತಿ,
ನಿವೃತ್ತ ಶಿಕ್ಷಕ, ಮೈಸೂರು